ಎದ್ದ ಕೂಡಲೇ ಹಿಮ್ಮಡಿ ನೋವು, ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆಯಂತೆ: ಇಂಜೆಕ್ಷನ್ ಬೇಕಾ?

ಕಲ್ಸಂಕದವ:
ನಮಸ್ಕಾರ. ಅಕ್ಕನ ಬಗ್ಗೆ ಕೇಳ್ತಾ ಇದ್ದೇನೆ. ವಯಸ್ಸು 47, ಉಡುಪಿಯಲ್ಲಿ ಜವಳಿ ಅಂಗಡಿಯ ಕೌಂಟರಿನಲ್ಲಿ ಇಡೀ ದಿನ ನಿಂತೇ ಕೆಲಸ. ಮನೆಯಲ್ಲಿ ಗ್ರಾನೈಟ್ ನೆಲ, ಬರಿಗಾಲು. ಶುಗರ್ ಉಂಟು, ಮಾತ್ರೆ ತಗೊಳ್ತಾಳೆ. ಬಲಗಾಲಿನ ಹಿಮ್ಮಡಿಯ ಅಡಿಯಲ್ಲಿ, ಸ್ವಲ್ಪ ಒಳಬದಿಗೆ ನೋವು. ಬೆಳಿಗ್ಗೆ ಮೊದಲ ಕೆಲವು ಹೆಜ್ಜೆ ಇಡ್ಲಿಕ್ಕೇ ಆಗುದಿಲ್ಲ, ನಡೆದಾಡಿದ ಮೇಲೆ ಕಮ್ಮಿ, ಸಂಜೆ ಪುನಃ ಜಾಸ್ತಿ. ಎಕ್ಸ್‌ರೇ ನೋಡಿ ಮೂಳೆ ಮುಳ್ಳಿನ ಹಾಗೆ ಬೆಳೆದಿದೆ ಅಂದ್ರು, ಇಂಜೆಕ್ಷನ್ ಕೊಡುವ ಅಂತಲೂ ಹೇಳಿದ್ರು. ಅಮ್ಮ ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಊರು ಅಂತಾರೆ. ಆ ಮುಳ್ಳನ್ನು ತೆಗೆಸ್ಲೇಬೇಕಾ? ಮೊದಲು ಎಂತ ಮಾಡುವುದು?

ಫಿಸಿಯೋ_ಕಂಕನಾಡಿ:
ಮುಳ್ಳಿನ ವಿಷಯ ಮೊದಲು ತಲೆಯಿಂದ ತೆಗೀರಿ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲಿ ಆ ಮುಳ್ಳು ಕಾಣ್ತದೆ. ನೋವು ಹೋದ ಮೇಲೂ ಅದು ಅಲ್ಲೇ ಇರ್ತದೆ. ಅದು ಚುಚ್ಚಿ ನೋವಾಗುವುದಲ್ಲ.

ನೀವು ಹೇಳಿದ ಲಕ್ಷಣ ಪ್ಲಾಂಟಾರ್ ಫೇಸಿಯೈಟಿಸ್‌ನದ್ದು. ಹಿಮ್ಮಡಿ ಮೂಳೆಯ ಅಡಿಯಿಂದ ಹೊರಟು ಬೆರಳುಗಳ ಬುಡದವರೆಗೆ ಒಂದು ದಪ್ಪ ಪಟ್ಟಿ ಉಂಟು, ಅಂಗಾಲಿನ ಕಮಾನನ್ನು ಹಿಡಿದಿಡುವುದು ಅದೇ. ನಿಂತೂ ನಿಂತೂ ಅದು ಮೂಳೆಗೆ ಅಂಟಿದ ಜಾಗದಲ್ಲಿ ಸವೆಯುತ್ತದೆ. ರಾತ್ರಿ ಪಾದ ಕೆಳಮುಖವಾಗಿ ಚಾಚಿರುವಾಗ ಪಟ್ಟಿ ಗಿಡ್ಡವಾಗಿ ಬಿಗಿಯುತ್ತದೆ, ಬೆಳಿಗ್ಗೆ ಕಾಲೂರಿದ ಕೂಡಲೇ ಮೈಭಾರ ಬಿದ್ದು ಒಮ್ಮೆಲೇ ಎಳೆಯುತ್ತದೆ. ಹಾಗಾಗಿ ಮೊದಲ ಹೆಜ್ಜೆ ಇಡುವ ಮೊದಲೇ ಅದನ್ನು ಸಡಿಲ ಮಾಡಬೇಕು. ಹೆಚ್ಚಿನವರು ಎದ್ದು, ಚಾ ಕುಡಿದು, ಆಮೇಲೆ ವ್ಯಾಯಾಮ ಶುರು ಮಾಡ್ತಾರೆ. ಅಷ್ಟರಲ್ಲಿ ಆಗುವ ಪೆಟ್ಟು ಆಗಿ ಆಗಿರ್ತದೆ.

ಮಂಚದ ಅಂಚಿನಲ್ಲಿ ಕೂತು ನೋವಿನ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲೆ ಇಡಲಿ. ಕಾಲಿನ ಬೆರಳುಗಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲು ಮುಟ್ಟಿದರೆ ಪಟ್ಟಿ ವೀಣೆಯ ತಂತಿಯ ಹಾಗೆ ಬಿಗಿಯಾಗಿರಬೇಕು. ಬಿಗಿ ಸಿಗದಿದ್ದರೆ ಬೆರಳಿನ ತುದಿಯನ್ನು ಮಾತ್ರ ಬಾಗಿಸುತ್ತಿದ್ದಾರೆ ಅಂತ ಅರ್ಥ. 10 ಸೆಕೆಂಡ್ ಹಿಡಿದು ಬಿಡುವುದು, 10 ಸಲ, ದಿನಕ್ಕೆ 3 ಹೊತ್ತು. ಕೂತು ಊಟ ಮಾಡಿ ಏಳುವ ಮೊದಲು, ಬಸ್ಸಿನಿಂದ ಇಳಿಯುವ ಮೊದಲು ಎರಡು ಮೂರು ಸಲ ಮಾಡಿದರೂ ಪ್ರಯೋಜನ ಉಂಟು.

ಮೀನಖಂಡ ಬಿಗಿ ಇದ್ದರೆ ಪಟ್ಟಿಯ ಮೇಲೆ ಎಳೆತ ಜಾಸ್ತಿ. ಗೋಡೆಗೆ ಕೈಕೊಟ್ಟು ನೋವಿನ ಕಾಲು ಹಿಂದಿಟ್ಟು, ಮೊಣಕಾಲು ನೆಟ್ಟಗೆ, ಹಿಮ್ಮಡಿ ನೆಲಕ್ಕೆ ಒತ್ತಿ 30 ಸೆಕೆಂಡ್, 3 ಸಲ. ಅದೇ ಭಂಗಿಯಲ್ಲಿ ಮೊಣಕಾಲು ಸ್ವಲ್ಪ ಮಡಚಿ ಇನ್ನೊಮ್ಮೆ. ಪಾದ ಹೊರಗೆ ತಿರುಗಿದರೆ ಲೆಕ್ಕಕ್ಕಿಲ್ಲ, ಬೆರಳು ಗೋಡೆಯ ಕಡೆಗೇ ಇರಬೇಕು.

ಇವೆರಡು ನೋವು ಇಳಿಸ್ಲಿಕ್ಕೆ. ಪುನಃ ಬಾರದ ಹಾಗೆ ಪಟ್ಟಿ ಗಟ್ಟಿಯಾಗಬೇಕಾದರೆ ಭಾರ ಕೊಡಲೇಬೇಕು. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು, ಬೈರಾಸನ್ನು (ಟವೆಲ್) ಸುರುಳಿ ಸುತ್ತಿ ಬೆರಳುಗಳ ಅಡಿಗೆ ಇಡಿ (ಕಮಾನಿನ ಅಡಿಗೆ ಅಲ್ಲ, ಅಲ್ಲೇ ತುಂಬ ಜನ ತಪ್ಪುವುದು). ಬೆರಳು ಮೇಲಕ್ಕೆ ಬಾಗಿದ್ದರೆ ಮಾತ್ರ ಪಟ್ಟಿಗೆ ಕೆಲಸ. 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತುವುದು, 2 ಸೆಕೆಂಡ್ ನಿಲ್ಲುವುದು, 3 ಸೆಕೆಂಡಿನಲ್ಲಿ ಇಳಿಸುವುದು. 12 ಸಲದಂತೆ 3 ಸುತ್ತು. ಮೊದಲು ಎರಡೂ ಕಾಲಲ್ಲಿ, ಹಗುರ ಅನ್ನಿಸಿದ ಮೇಲೆ ಒಂದೇ ಕಾಲಲ್ಲಿ, ಆಮೇಲೆ ಬೆನ್ನಿಗೆ ಪುಸ್ತಕ ತುಂಬಿದ ಚೀಲ. ದಿನ ಬಿಟ್ಟು ದಿನ ಮಾತ್ರ! ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಮೊದಲ ಹೆಜ್ಜೆಯ ನೋವು ಹಿಂದಿನ ದಿನಕ್ಕಿಂತ ಜಾಸ್ತಿಯಾದರೆ ಭಾರ ಕಡಿಮೆ ಮಾಡಿ.

ಎರಡು ವಾರಕ್ಕೆ ಗುಣವಾಗುವ ಕಾಯಿಲೆ ಅಲ್ಲ ಇದು, ತಿಂಗಳುಗಳೇ ಬೇಕು. ನಡುವೆ ನಾಲ್ಕು ದಿನ ಹೆಚ್ಚು ನೋವಾದರೆ ಬಿಟ್ಟುಬಿಡಬೇಡಿ.

ಕಲ್ಸಂಕದವ:
ಥ್ಯಾಂಕ್ಸ್. ಎಕ್ಕದ ಎಲೆ? ಐಸ್? ಇನ್ನೊಬ್ಬರು ದಿನಾ ಮಲ್ಪೆ ಬೀಚಿನಲ್ಲಿ ಬರಿಗಾಲಲ್ಲಿ ನಡೀಲಿಕ್ಕೆ ಹೇಳಿದ್ರು.

ಫಿಸಿಯೋ_ಕಂಕನಾಡಿ:
ಬೀಚ್ ಸದ್ಯಕ್ಕೆ ಬೇಡ. ಮೆತ್ತನೆ ಮರಳಲ್ಲಿ ಹಿಮ್ಮಡಿ ಹೂತು ಪಟ್ಟಿಗೂ ಮೀನಖಂಡಕ್ಕೂ ಎಳೆತ ಜಾಸ್ತಿ, ನೀರಂಚಿನ ಇಳಿಜಾರಲ್ಲಿ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ.

ಬಿಸಿಗೂ ಐಸಿಗೂ ಮೊದಲು ಶುಗರ್ ಇರುವವರ ಸ್ಪರ್ಶ ಪರೀಕ್ಷೆ ಮಾಡಿ. ಅಕ್ಕ ಕಣ್ಣು ಮುಚ್ಚಿ ಮಲಗಲಿ. ನೀವು ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ, ಒತ್ತಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಬಿಸಿ ಇಟ್ಟಿಗೆಯೂ ಇಲ್ಲ, ಐಸೂ ಇಲ್ಲ. ಸುಟ್ಟದ್ದು ಗೊತ್ತೇ ಆಗದೆ ಹುಣ್ಣಾಗ್ತದೆ. ಡಾಕ್ಟರಿಗೂ ಹೇಳಿ. ಸ್ಪರ್ಶ ಸರಿ ಇದ್ದರೆ ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿದ ನೀರಿನ ಬಾಟ್ಲಿಯನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಸಂಜೆ ಕೂತು ಅಂಗಾಲಿನಡಿ 10 ನಿಮಿಷ ಉರುಳಿಸಬಹುದು. ಅಮ್ಮನ ಇಟ್ಟಿಗೆಯಲ್ಲಿ ಹಿತ ಕೊಡುವುದು ಹೆಚ್ಚಾಗಿ ಆ ಬಿಸಿಯೇ. ಎಕ್ಕದ ಹಾಲು ಚರ್ಮ ಉರಿಸ್ತದೆ, ಕಣ್ಣಿಗೆ ತಾಗಿದರೆ ಇನ್ನೂ ಅಪಾಯ. ಬಿಸಿಯೇ ಬೇಕಾದರೆ ಉಗುರುಬೆಚ್ಚಗಿನ ನೀರು ಸಾಕು.

ಚಪ್ಪಲಿ_ಸಾಹುಕಾರ:
ಇಷ್ಟು ಹೇಳಿ ಗ್ರಾನೈಟ್ ನೆಲವನ್ನು ಬಿಟ್ಟಿರಲ್ಲ ಮಾರಾಯ್ರೆ! ಹಾಸಿಗೆಯ ಪಕ್ಕದಲ್ಲೇ ಒಂದು ಜೊತೆ ಮನೆಚಪ್ಪಲಿ ಇರಲಿ, ಬಾತ್‌ರೂಮಿಗೂ ಬರಿಗಾಲು ಬೇಡ. ಅಡುಗೆಮನೆಗೆ ಬೇರೆ ಜೊತೆ ಇಡ್ಲಿ, ಮಡಿಯ ತಕರಾರು ಬರುದಿಲ್ಲ.

ಕರಾವಳಿಯ ಮಳೆಗಾಲದಲ್ಲಿ ಎಲ್ಲರೂ ಹಾಕುವ ತೆಳು ಹವಾಯಿ ಈ ನೋವಿಗೆ ಆಗುದಿಲ್ಲ. ಹಿಂದೆ ಪಟ್ಟಿ ಇಲ್ಲದ್ದರಿಂದ ಜಾರದ ಹಾಗೆ ಬೆರಳು ಮಡಚಿ ಹಿಡೀಬೇಕಾಗ್ತದೆ, ಅದರ ಎಳೆತ ಅಂಗಾಲಿಗೆ. ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ತಗೊಳ್ಳಿ. ಅಂಗಡಿಯಲ್ಲೇ ಬಾಗಿಸಿ ನೋಡಿ, ಬೆರಳಿನ ಬುಡದಲ್ಲಿ ಬಾಗಬೇಕು, ನಡುವೆ ಬಾಗಿದರೆ ಬೇಡ. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಸುಲಭದಲ್ಲಿ ತಿರುಗಬಾರದು. ಹಿಮ್ಮಡಿ ಮುಂಭಾಗಕ್ಕಿಂತ ಸುಮಾರು 1 ಸೆಂಟಿಮೀಟರ್ ಎತ್ತರ ಇದ್ದರೆ ಸಾಕು. ಶುಗರ್ ಇರುವವರಿಗೆ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್, ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರ್) ಚಪ್ಪಲಿ ಒಳ್ಳೆಯದು, ಆದರೆ ಹೆಬ್ಬೆರಳಿನಿಂದ ಒತ್ತಿದ ಗುಳಿ ಪುನಃ ಮೇಲೆ ಬಾರದಿದ್ದರೆ ಅದರ ಆಯುಷ್ಯ ಮುಗಿಯಿತು. ಸ್ಪಂಜಿನಂತೆ ಮೆತ್ತಗಿದ್ದದ್ದೆಲ್ಲ ಒಳ್ಳೆಯದು ಅಂತ ಉಂಟಲ್ಲ, ಅದು ಸುಳ್ಳು. ಹಿಮ್ಮಡಿ ಹೂತು ತಳಕ್ಕೇ ತಾಗ್ತದೆ. ಸಿಲಿಕಾನ್ ಹೀಲ್ ಕಪ್ ಹಾಕುವುದಾದರೆ ಎರಡೂ ಕಾಲಿಗೆ, ಒಂದೇ ಕಾಲಿಗೆ ಹಾಕಿದರೆ ಸೊಂಟ ಓರೆಯಾಗ್ತದೆ. ಅಳತೆ ಸಂಜೆ ಕೊಡಿ, ಆಗ ಪಾದ ಸ್ವಲ್ಪ ಊದಿರ್ತದೆ.

ಮಣಿಪಾಲದ_ಎಲುಬು:
ಇಂಜೆಕ್ಷನ್ ಬಗ್ಗೆ ಯಾರೂ ಉತ್ತರಿಸಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸುತ್ತದೆ, ಆಮೇಲೆ ಅದರ ಪರಿಣಾಮ ಕುಗ್ಗುತ್ತದೆ. ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳ್ಳಗಾಗುವ ಅಪಾಯ ಉಂಟು, ಮೇಲಿಂದ ಮೇಲೆ ಕೊಟ್ಟರೆ ಇನ್ನೂ ಹೆಚ್ಚು. ಶುಗರ್ ಇರುವವರಿಗೆ ಕೊಟ್ಟ ಕೆಲವು ದಿನ ಸಕ್ಕರೆ ಏರುತ್ತದೆ, ಮನೆಯಲ್ಲಿ ಪರೀಕ್ಷಿಸುತ್ತಿರಬೇಕು. ವ್ಯಾಯಾಮ, ಪಾದರಕ್ಷೆ ಎರಡನ್ನೂ ಮೂರು ತಿಂಗಳು ಸರಿಯಾಗಿ ಮಾಡದೆ ನಾನಂತೂ ಆ ದಾರಿ ಹಿಡಿಯುವುದಿಲ್ಲ. ಮುಳ್ಳು ತೆಗೆಯುವ ಆಪರೇಶನ್ ಬಹುತೇಕ ಯಾರಿಗೂ ಬೇಕಾಗುವುದಿಲ್ಲ. ನೋವಿನ ಮಾತ್ರೆಯನ್ನು ಮೆಡಿಕಲ್‌ನಿಂದ ತಾವಾಗಿ ತಂದು ವಾರಗಟ್ಟಲೆ ನುಂಗುವುದು ಶುಗರ್ ಇರುವವರ ಕಿಡ್ನಿಗೆ ಒಳ್ಳೆಯದಲ್ಲ.

ಕೆಲವು ಲಕ್ಷಣ ಬೇರೆ ದಾರಿ ತೋರಿಸುತ್ತವೆ. ಹಿಮ್ಮಡಿ ಮೂಳೆಯನ್ನು ಎರಡು ಬದಿಯಿಂದ ಅಂಗೈಯಲ್ಲಿ ಹಿಂಡಿದಾಗ ತೀವ್ರ ನೋವಾದರೆ ಮೂಳೆಯಲ್ಲಿ ಬಿರುಕು ಇರಬಹುದು, ಆಗ ಮೇಲಿನ ಭಾರದ ವ್ಯಾಯಾಮ ಮಾಡಲೇಬಾರದು. ರಾತ್ರಿ ಮಲಗಿದಾಗ ಉರಿ, ಜೋಮು ಇದ್ದರೆ ನರದ್ದು. ನೋವು ಹಿಮ್ಮಡಿಯ ಹಿಂಭಾಗದಲ್ಲಿದ್ದರೆ ಅಕಿಲಿಸ್ ಸ್ನಾಯುರಜ್ಜು. ಅದಕ್ಕೆ ಮೆಟ್ಟಿಲಿನಿಂದ ಹಿಮ್ಮಡಿ ಕೆಳಗಿಳಿಸಿದರೆ ನೋವು ಹೆಚ್ಚಬಹುದು. ಚಿಕ್ಕ ವಯಸ್ಸಿನವರಿಗೆ ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಿಗ್ಗೆ ಸೊಂಟ ಅರ್ಧ ಗಂಟೆಗಿಂತ ಹೆಚ್ಚು ಬಿಗಿದಿದ್ದರೆ ಸಂಧಿವಾತದ ತಜ್ಞರಿಗೆ ತೋರಿಸಿ.

ಕಲ್ಸಂಕದವ:
ಹಿಂಡಿ ನೋಡಿದೆ, ನೋವಿಲ್ಲ. ಸ್ಪರ್ಶ ಆರೂ ಕಡೆ ಗೊತ್ತಾಗ್ತದೆ. ಹಬ್ಬದ ಸೀಸನ್ ಬಂತು, ರಜೆ ಸಿಗುದಿಲ್ಲ. ಕೆಲಸ ಮಾಡ್ತಾ ಇದ್ದರೆ ಆಗ್ತದಾ?

ಫಿಸಿಯೋ_ಕಂಕನಾಡಿ:
ಆಗ್ತದೆ. ಕೌಂಟರಿನ ಹಿಂದೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ, ಒಂದು ಸ್ಟೂಲ್ ಕೇಳಿ, ಗಂಟೆಗೊಮ್ಮೆ ಐದು ನಿಮಿಷ ಕೂರಲಿ. ಎದ್ದು ನಿಲ್ಲುವ ಮೊದಲು ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಲಿ. ಚಪ್ಪಲಿ ಬಾಗಿಲಲ್ಲಿ ಬಿಡುವ ಅಂಗಡಿಯಾದರೆ ಒಳಗೆ ಮಾತ್ರ ಹಾಕುವ ಸ್ಯಾಂಡಲ್‌ಗೆ ಮಾಲಕರನ್ನು ಒಪ್ಪಿಸಿ, ಎಲ್ಲಕ್ಕಿಂತ ಮೊದಲು ಅದನ್ನು ಕೇಳಿ.