ಹನ್ನೊಂದು ಗಂಟೆಗೆ ಆಫ್‌ಲೈನ್ ಆಗುವ ಪ್ರಿಂಟರ್. ಫೋಲ್ಡರ್‌ಗೆ ಸ್ಕ್ಯಾನ್ ಕೂಡ ಹೋಗುತ್ತಿಲ್ಲ

ಕಡತಗಳ ನಡುವೆ:

ನಮಸ್ಕಾರ. ದಾವಣಗೆರೆಯ ಒಂದು ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಏಳು ಕಂಪ್ಯೂಟರ್‌ಗಳಿಗೆ ಒಂದೇ ಪ್ರಿಂಟರ್. ನಕಲು, ಮುದ್ರಣ, ಸ್ಕ್ಯಾನ್ ಮೂರನ್ನೂ ಮಾಡುವ ಎಂಟು ವರ್ಷ ಹಳೆಯ ದೊಡ್ಡ ಯಂತ್ರ. ವೈಫೈ ಇಲ್ಲ, ಕೇಬಲ್ ಹಾಕಿದ್ದೇವೆ.

ಒಂದೂವರೆ ತಿಂಗಳಿನಿಂದ ಎರಡು ಕಾಟ ಶುರುವಾಗಿದೆ. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲವೂ ಸರಿಯಾಗಿರುತ್ತದೆ. ಹನ್ನೊಂದರ ಹೊತ್ತಿಗೆ ಒಂದೊಂದೇ ಕಂಪ್ಯೂಟರ್ ಪ್ರಿಂಟರ್ ‘ಆಫ್‌ಲೈನ್’ ಎಂದು ತೋರಿಸಲು ತೊಡಗುತ್ತದೆ. ನನ್ನದರಲ್ಲಿ ಪ್ರಿಂಟ್ ಬರುತ್ತಿರುತ್ತದೆ, ಪಕ್ಕದವರದ್ದರಲ್ಲಿ ಬರುವುದಿಲ್ಲ. ಪ್ರಿಂಟರ್ ಆರಿಸಿ ಹಾಕಿದರೆ ಹತ್ತಿಪ್ಪತ್ತು ನಿಮಿಷ ನಡೆದು ಮತ್ತೆ ಅದೇ ಹಾಡು. ವಿಚಿತ್ರವೆಂದರೆ ಕಳೆದ ವಾರ ಮೂರು ದಿನ ಒಮ್ಮೆಯೂ ಕೈಕೊಡಲಿಲ್ಲ.

ಎರಡನೆಯದು ಸ್ಕ್ಯಾನ್. ಮೊದಲು ಯಂತ್ರದ ಗುಂಡಿ ಒತ್ತಿದರೆ ಪಿಡಿಎಫ್ ನೇರವಾಗಿ ಮುಂಭಾಗದ ಕಂಪ್ಯೂಟರಿನ ಫೋಲ್ಡರ್‌ಗೆ ಹೋಗಿ ಬೀಳುತ್ತಿತ್ತು. ಈಗ ‘ಸಂಪರ್ಕ ದೋಷ’ ಎನ್ನುತ್ತದೆ. ಆ ಹಳೆಯ ಕಂಪ್ಯೂಟರನ್ನು ಬದಲಿಸಿ ವಿಂಡೋಸ್ 11 ಇರುವ ಹೊಸದನ್ನು ತಂದೆವು. ಅದೇ ವಾರ ಫೈಬರ್ ಸಂಪರ್ಕ ಪಡೆದು ರೌಟರನ್ನೂ ಬದಲಿಸಿದೆವು. ಸರ್ವೀಸ್‌ನವರು ಬಂದು ನೋಡಿ ‘ಮದರ್‌ಬೋರ್ಡ್ ಹೋಗಿರಬಹುದು’ ಎಂದು ಹೇಳಿ ಹೋದರು. ಜಿಎಸ್‌ಟಿ ರಿಟರ್ನ್‌ಗೆ ಇಪ್ಪತ್ತನೇ ತಾರೀಖು ಹತ್ತಿರ ಬರುತ್ತಿದೆ, ನಾವು ಕಾಗದ ಹಿಡಿದುಕೊಂಡು ಎದುರಿನ ಝೆರಾಕ್ಸ್ ಅಂಗಡಿಗೆ ಓಡುತ್ತಿದ್ದೇವೆ.

ಕ್ಲಿಕ್ ಮಾಡಿ ನೋಡಿ:

ಡ್ರೈವರ್ ತೆಗೆದು ಮತ್ತೆ ಹಾಕಿ. ಶೇಕಡಾ ತೊಂಬತ್ತು ಸಲ ಅಷ್ಟೇ ಸಾಕು.

ಕಡತಗಳ ನಡುವೆ:

ಏಳೂ ಕಂಪ್ಯೂಟರ್‌ಗಳಲ್ಲಿ ಮೂರು ಸಲ ಮಾಡಿ ಆಯಿತು ಸರ್.

ನೀಲಿ ಕೇಬಲ್:

ಡ್ರೈವರ್ ಮುಟ್ಟಬೇಡಿ, ಮದರ್‌ಬೋರ್ಡ್‌ಗೆ ದುಡ್ಡು ಕೊಡುವುದಂತೂ ಬೇಡವೇ ಬೇಡ. ಬೋರ್ಡ್ ಕೆಟ್ಟಿದ್ದರೆ ಅದು ಗಡಿಯಾರ ನೋಡಿಕೊಂಡು ಕೆಡುವುದಿಲ್ಲ.

ನಿಮ್ಮ ಎರಡು ತೊಂದರೆಗಳನ್ನು ಒಂದೇ ಕಾಯಿಲೆ ಎಂದುಕೊಳ್ಳಬೇಡಿ. ಮುದ್ರಿಸುವಾಗ ಕಂಪ್ಯೂಟರ್ ಪ್ರಿಂಟರಿನ ವಿಳಾಸ ಹುಡುಕಿಕೊಂಡು ಹೋಗುತ್ತದೆ. ಫೋಲ್ಡರ್‌ಗೆ ಸ್ಕ್ಯಾನ್ ಮಾಡುವಾಗ ದಾರಿ ತಿರುಗುಮುರುಗು: ಪ್ರಿಂಟರೇ ಕಂಪ್ಯೂಟರಿನ ಬಾಗಿಲಿಗೆ ಬಂದು, ಹೆಸರು ಹೇಳಿ, ಪಾಸ್‌ವರ್ಡ್ ಕೊಟ್ಟು ಒಳಗೆ ಬರಬೇಕು. ಮೊದಲನೆಯದು ಸರಿಯಾದರೆ ಎರಡನೆಯದೂ ತಾನಾಗಿಯೇ ಸರಿಯಾಗುತ್ತದೆ ಎಂದು ಕಾಯುತ್ತಾ ಕೂರುವವರನ್ನು ಬಹಳ ನೋಡಿದ್ದೇನೆ.

ಮೊದಲು ಮುದ್ರಣ. ಯಂತ್ರದ ಮೆನುವಿನಿಂದ ನೆಟ್‌ವರ್ಕ್ ವಿವರದ ಹಾಳೆಯನ್ನು ಮುದ್ರಿಸಿಕೊಳ್ಳಿ. ಅದರಲ್ಲಿ ಐಪಿ ವಿಳಾಸ (ಜಾಲದಲ್ಲಿ ಯಂತ್ರಕ್ಕೆ ಕೊಟ್ಟ ಸಂಖ್ಯೆ) ಮತ್ತು ಮ್ಯಾಕ್ ವಿಳಾಸ (ಯಂತ್ರದ ನೆಟ್‌ವರ್ಕ್ ಭಾಗದ ಗುರುತು) ಎರಡೂ ಇರುತ್ತವೆ. ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ಪ್ರಿಂಟರಿಗೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ, ಆಗ ಕೇಬಲ್ ಮತ್ತು ಸ್ವಿಚ್ ನೋಡಬೇಕು. ನಿಮ್ಮದು ಹಾಗಿರಲಾರದು.

ನಾಳೆ ಹನ್ನೊಂದಕ್ಕೆ ಕಾಟ ಶುರುವಾದಾಗ ಪ್ರಿಂಟರಿನ ಹಿಂದಿನ ನೆಟ್‌ವರ್ಕ್ ಕೇಬಲನ್ನು ಕಿತ್ತುಬಿಡಿ. ಆಮೇಲೆ ಯಾವುದಾದರೂ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಆ ಐಪಿ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ‘ಇದ್ದೀಯಾ’ ಎಂದು ಕೇಳಿ. ಕೇಬಲ್ ಇಲ್ಲದ ಯಂತ್ರ ಉತ್ತರಿಸಬಾರದು. ಏನು ಬರುತ್ತದೆ ಎಂದು ಇಲ್ಲಿ ಬರೆಯಿರಿ.

ಕಡತಗಳ ನಡುವೆ:

ಸರ್, ಕೇಬಲ್ ನನ್ನ ಕೈಯಲ್ಲಿದೆ. ಆದರೂ ಉತ್ತರ ಬರುತ್ತಿದೆ! 192.168.1.50ಕ್ಕೆ ಪಿಂಗ್ ಮಾಡಿದೆ. ನಾಲ್ಕಕ್ಕೆ ನಾಲ್ಕೂ ಉತ್ತರ: 94 ಮಿಲಿಸೆಕೆಂಡ್, 211, 8, 137. ಬೆಳಿಗ್ಗೆ ಕೇಬಲ್ ಇದ್ದಾಗ ಮಾಡಿದಾಗ ನಾಲ್ಕೂ ಒಂದಕ್ಕಿಂತ ಕಡಿಮೆ ಇತ್ತು.

ನೀಲಿ ಕೇಬಲ್:

ಸಿಕ್ಕಿಬಿದ್ದ. ಪ್ರಿಂಟರಿನ ವಿಳಾಸದಲ್ಲಿ ಬೇರೊಬ್ಬರು ವಾಸವಾಗಿದ್ದಾರೆ. ಕೇಬಲಿನ ಯಂತ್ರ ಒಂದೇ ಸಮನೆ ಬೇಗ ಉತ್ತರಿಸುತ್ತದೆ. 94, 211, 8 ಎಂದು ಏರಿಳಿಯುವುದು ವೈಫೈನಲ್ಲಿ ಆಗಾಗ ನಿದ್ದೆಗೆ ಜಾರುವ ಸಾಧನದ ಲಕ್ಷಣ. ಮೊಬೈಲ್ ಇರಬೇಕು. ಈಗಲೇ ಅದೇ ಕಪ್ಪು ಪರದೆಯಲ್ಲಿ ‘ಎಆರ್‌ಪಿ’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಅಡ್ಡಗೆರೆ, ‘ಎ’ ಅಕ್ಷರ ಹಾಕಿ ಎಂಟರ್ ಒತ್ತಿ. ಕೊನೆಯಲ್ಲಿ 50 ಇರುವ ಆ ಐಪಿ ವಿಳಾಸದ ಎದುರಿನ ಮ್ಯಾಕ್ ವಿಳಾಸವನ್ನು ಹಾಳೆಯಲ್ಲಿರುವುದರ ಜೊತೆ ಹೋಲಿಸಿ. ಅದರ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಲ್ಲ. ಈಗಿನ ಫೋನ್‌ಗಳು ಗುರುತು ಮರೆಸಲು ತಾವೇ ಕಟ್ಟಿಕೊಳ್ಳುವ ವಿಳಾಸ ಹಾಗಿರುತ್ತದೆ.

ಕಡತಗಳ ನಡುವೆ:

ಹಾಳೆಯಲ್ಲಿರುವುದೇ ಬೇರೆ, ಇದೇ ಬೇರೆ. ಎರಡನೆಯ ಅಕ್ಷರ ‘ಎ’. ಒಬ್ಬೊಬ್ಬರ ಫೋನಿನ ವೈಫೈ ವಿವರವನ್ನೂ ತೆಗೆಸಿ ನೋಡಿದೆವು. ಸಿಕ್ಕಿತು. ನಮ್ಮ ಸಾಹೇಬರದು. ಅವರು ಕಚೇರಿಗೆ ಬರುವುದೇ ಹತ್ತೂ ಮುಕ್ಕಾಲಿಗೆ. ಕಳೆದ ವಾರದ ಆ ಮೂರು ದಿನ ಬೆಂಗಳೂರಿಗೆ ಹೋಗಿದ್ದರು! ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೇನೆ.

ನೀಲಿ ಕೇಬಲ್:

ಸಾಹೇಬರ ತಪ್ಪೇನೂ ಇಲ್ಲ, ಧೈರ್ಯವಾಗಿ ಹೇಳಿ. ಪ್ರಿಂಟರಿಗೆ ಯಾರೋ ಹಿಂದೆ 50 ಎಂಬ ವಿಳಾಸವನ್ನು ಕೈಯಿಂದ ತುಂಬಿಟ್ಟಿದ್ದರು. ಹಳೆಯ ರೌಟರ್ ಬಹುಶಃ 100ರಿಂದ ಮೇಲಿನ ಸಂಖ್ಯೆಗಳನ್ನಷ್ಟೇ ಹಂಚುತ್ತಿತ್ತು. ಹೊಸದು 2ರಿಂದಲೇ ಹಂಚುತ್ತಿದೆ. ಒಂದು ದಿನ ಪ್ರಿಂಟರ್ ಆರಿದ್ದಾಗ 50 ಖಾಲಿ ಇದೆ ಎಂದು ತಿಳಿದು ಅದನ್ನು ಸಾಹೇಬರ ಫೋನಿಗೆ ಕೊಟ್ಟಿದೆ. ಅಂದಿನಿಂದ ಅವರು ಬಂದಾಗಲೆಲ್ಲ ಅದನ್ನೇ ಕೊಡುತ್ತಿದೆ. ಆಮೇಲೆ ಯಾವ ಕಂಪ್ಯೂಟರ್ ಯಾರ ಉತ್ತರವನ್ನು ನಂಬಿತೋ ಅದರಂತೆ ನಡೆಯಿತು. ನಿಮ್ಮದರಲ್ಲಿ ಪ್ರಿಂಟ್ ಬಂದು ಪಕ್ಕದವರದ್ದರಲ್ಲಿ ಬರದಿರುವುದು ಅದಕ್ಕೇ. ಆರಿಸಿ ಹಾಕಿದಾಗ ಪ್ರಿಂಟರ್ ‘ಈ ವಿಳಾಸ ನನ್ನದು’ ಎಂದು ಜಾಲಕ್ಕೆಲ್ಲ ಸಾರುತ್ತದೆ. ಆ ಸಾರೋಣೆಯ ಬಲ ಇರುವಷ್ಟು ಹೊತ್ತು ನಿಮಗೆ ಪ್ರಿಂಟ್ ಸಿಗುತ್ತಿತ್ತು.

ರೌಟರಿನ ಪುಟಕ್ಕೆ ಹೋಗಿ ಡಿಎಚ್‌ಸಿಪಿ (ವಿಳಾಸಗಳನ್ನು ತಾನಾಗಿ ಕೊಡುವ ವ್ಯವಸ್ಥೆ) ಹಂಚುವ ಸಂಖ್ಯೆಗಳನ್ನು 100ರಿಂದ 200ರವರೆಗೆ ಎಂದು ಬದಲಿಸಿ, ರೌಟರನ್ನು ಆರಿಸಿ ಹಾಕಿ. ಪ್ರಿಂಟರ್ 50ರಲ್ಲೇ ಇರಲಿ. ಹಾಗಾದರೆ ಏಳು ಕಂಪ್ಯೂಟರ್‌ಗಳನ್ನು ಮುಟ್ಟುವ ಕೆಲಸ ತಪ್ಪುತ್ತದೆ.

ಮಲೆನಾಡ ಮೋಡೆಮ್:

ಒಂದು ಮಾತು ಸೇರಿಸುತ್ತೇನೆ. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟ ನೋಡಿ. ಯಾವುದಾದರೂ ಕಂಪ್ಯೂಟರಿನಲ್ಲಿ ‘ಡಬ್ಲ್ಯುಎಸ್‌ಡಿ’ ಪೋರ್ಟ್ ಇದ್ದರೆ ಅದನ್ನು ಬಿಟ್ಟು ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ’ ಪೋರ್ಟ್ ಮಾಡಿ, 50ರ ವಿಳಾಸ ಕೊಡಿ. ವಿಂಡೋಸ್ ತಾನೇ ಪ್ರಿಂಟರ್ ಹುಡುಕಿ ಸೇರಿಸಿಕೊಂಡಾಗ ಎಷ್ಟೋ ಸಲ ಡಬ್ಲ್ಯುಎಸ್‌ಡಿ ಬಂದು ಕೂರುತ್ತದೆ. ಮನೆಗಾದರೆ ಸರಿ, ಕಚೇರಿಗೆ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಪಿಂಗ್‌ಗೆ ಉತ್ತರ ಬರುತ್ತಿದ್ದರೂ ‘ಆಫ್‌ಲೈನ್’ ಎಂದೇ ತೋರಿಸಿದರೆ ಅದೇ ಪೋರ್ಟಿನ ಸೆಟ್ಟಿಂಗ್‌ನಲ್ಲಿ ಪ್ರಿಂಟರಿನ ಸ್ಥಿತಿ ವಿಚಾರಿಸುವ ‘ಎಸ್‌ಎನ್‌ಎಂಪಿ ಸ್ಟೇಟಸ್’ ಎಂಬುದರ ಟಿಕ್ ತೆಗೆಯಿರಿ.

ಕಡತಗಳ ನಡುವೆ:

ಎರಡು ದಿನ ಕಾದು ಬರೆಯುತ್ತಿದ್ದೇನೆ. ಸಾಹೇಬರು ಬಂದರು, ಹೋದರು, ಪ್ರಿಂಟರ್ ಅಲುಗಲಿಲ್ಲ. ಎರಡು ಕಂಪ್ಯೂಟರ್‌ಗಳಲ್ಲಿ ಡಬ್ಲ್ಯುಎಸ್‌ಡಿ ಇತ್ತು, ಬದಲಿಸಿದೆ. ಆದರೆ ಸ್ಕ್ಯಾನ್‌ನದು ನೀವು ಹೇಳಿದಂತೆಯೇ ಆಗಿದೆ, ಇನ್ನೂ ‘ಸಂಪರ್ಕ ದೋಷ’.

ಕ್ಲಿಕ್ ಮಾಡಿ ನೋಡಿ:

ವಿಂಡೋಸ್ ಫೀಚರ್ಸ್‌ಗೆ ಹೋಗಿ, ಜಾಲದಲ್ಲಿ ಕಡತ ಹಂಚುವ ಹಳೆಯ ವಿಧಾನವಾದ ‘ಎಸ್‌ಎಂಬಿ 1’ಕ್ಕೆ ಟಿಕ್ ಹಾಕಿ. ಎರಡೇ ನಿಮಿಷದ ಕೆಲಸ.

ನೀಲಿ ಕೇಬಲ್:

ದಯವಿಟ್ಟು ಹಾಕಬೇಡಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಜಗತ್ತಿನ ಆಸ್ಪತ್ರೆ, ಕಚೇರಿಗಳ ಕಡತಗಳಿಗೆಲ್ಲ ಬೀಗ ಜಡಿದಾಗ ಒಳನುಗ್ಗಿದ್ದು ಈ ಎಸ್‌ಎಂಬಿ 1ರ ಬಿರುಕಿನಿಂದಲೇ. ಆ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಹೊಸ ಅನುಸ್ಥಾಪನೆಗಳಲ್ಲಿ ಅದನ್ನು ಹಾಕುವುದನ್ನೇ ನಿಲ್ಲಿಸಿತು. ನಿಮ್ಮದು ಆಡಿಟರ್ ಕಚೇರಿ. ಊರಿನವರ ಪ್ಯಾನ್, ಬ್ಯಾಂಕ್ ವಿವರವೆಲ್ಲ ಅಲ್ಲಿದೆ. ಎರಡು ನಿಮಿಷ ಉಳಿಸಲು ಹಿತ್ತಲ ಬಾಗಿಲು ತೆಗೆದಿಡುವುದು ಬೇಡ.

ಹೊಸ ಕಂಪ್ಯೂಟರಿನಲ್ಲಿ ಹೀಗೆ ನೋಡುತ್ತಾ ಹೋಗಿ. ರೌಟರ್ ಬದಲಾದಾಗ ವಿಂಡೋಸ್ ಅದನ್ನು ಹೊಸ ಜಾಲವೆಂದು ತಿಳಿದು ‘ಪಬ್ಲಿಕ್’ ಎಂದು ಗುರುತಿಸಿಕೊಂಡಿರುತ್ತದೆ. ಬಸ್ ನಿಲ್ದಾಣದ ವೈಫೈಗೆ ತೋರಿಸುವ ಅನುಮಾನವನ್ನೇ ನಿಮ್ಮ ಪ್ರಿಂಟರಿನ ಮೇಲೂ ತೋರಿಸುತ್ತದೆ. ಅದನ್ನು ‘ಪ್ರೈವೇಟ್’ ಮಾಡಿ, ಫೈಲ್ ಹಂಚಿಕೆಯನ್ನು ಆನ್ ಮಾಡಿ. ಪ್ರಿಂಟರಿನ ವಿಳಾಸಪಟ್ಟಿಯಲ್ಲಿ ಹಳೆಯ ಕಂಪ್ಯೂಟರಿನ ಐಪಿ ವಿಳಾಸ ಇನ್ನೂ ಕೂತಿರಬಹುದು. ಹೊಸದರ ವಿಳಾಸ ಬರೆಯಿರಿ, ಅದು ನಾಳೆ ಬದಲಾಗದಂತೆ ರೌಟರಿನಲ್ಲಿ ಕಾಯ್ದಿರಿಸಿ.

ಇನ್ನು ಪಾಸ್‌ವರ್ಡ್. ಬಹಳ ಜನ ಎಡವುವುದು ಇಲ್ಲೇ. ಬೆಳಿಗ್ಗೆ ಕಂಪ್ಯೂಟರ್ ತೆರೆಯಲು ಒತ್ತುವ ನಾಲ್ಕಂಕಿಯ ಪಿನ್ ಪ್ರಿಂಟರಿಗೆ ಕೆಲಸಕ್ಕೆ ಬರುವುದಿಲ್ಲ. ಪಿನ್ ಆ ಕಂಪ್ಯೂಟರಿನ ಎದುರು ಕುಳಿತವರಿಗೆ ಮಾತ್ರ. ಸ್ಕ್ಯಾನ್‌ಗೆಂದೇ ಒಂದು ಸ್ಥಳೀಯ ಖಾತೆ ತೆರೆದು ಗಟ್ಟಿ ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಖಾಲಿ ಬಿಟ್ಟರೆ ಜಾಲದಿಂದ ಒಳಗೆ ಬಿಡುವುದಿಲ್ಲ. ಆ ಖಾತೆಗೆ ಒಂದೇ ಒಂದು ಫೋಲ್ಡರಿನಲ್ಲಿ ಬರೆಯುವ ಅನುಮತಿ ಕೊಡಿ. ‘ಶೇರಿಂಗ್’, ‘ಸೆಕ್ಯುರಿಟಿ’ ಎರಡೂ ಪುಟಗಳಲ್ಲಿ ಕೊಡಬೇಕು.

ಇಷ್ಟಾದರೂ ಆಗದಿದ್ದರೆ ಪ್ರಿಂಟರಿನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಹಳೆಯದಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊನಲ್ಲಿ ಎಸ್‌ಎಂಬಿ ಮಾತುಕತೆಗೆ ಡಿಜಿಟಲ್ ಸಹಿ ಕಡ್ಡಾಯ. ಪಾಸ್‌ವರ್ಡ್ ಪರಿಶೀಲಿಸುವ ಹಳೆಯ ಎನ್‌ಟಿಎಲ್‌ಎಂ 1 ವಿಧಾನವನ್ನೂ ತೆಗೆದುಹಾಕಿದ್ದಾರೆ. ತಯಾರಕರು ಎಸ್‌ಎಂಬಿ 2 ಅಥವಾ 3 ಕೊಡುವ ಫರ್ಮ್‌ವೇರ್ ಬಿಟ್ಟಿದ್ದಾರೆಯೇ ನೋಡಿ.

ಅಲ್ಲಿಯವರೆಗೆ ಝೆರಾಕ್ಸ್ ಅಂಗಡಿಗೆ ಓಡಬೇಡಿ. ಯಂತ್ರದ ಗುಂಡಿ ಒತ್ತುವ ಬದಲು ಕಂಪ್ಯೂಟರಿನ ಸ್ಕ್ಯಾನ್ ಆ್ಯಪ್‌ನಿಂದ ಎಳೆದುಕೊಳ್ಳಿ. ಆಗ ಕಂಪ್ಯೂಟರೇ ಪ್ರಿಂಟರಿನತ್ತ ಹೋಗುತ್ತದೆ, ಈ ಯಾವ ತಕರಾರೂ ಇರುವುದಿಲ್ಲ.

ಮಲೆನಾಡ ಮೋಡೆಮ್:

ಇಮೇಲ್‌ಗೆ ಸ್ಕ್ಯಾನ್ ಮಾಡುವುದೂ ಒಂದು ದಾರಿ. ಜಿಮೇಲ್ ಆದರೆ ಮಾಮೂಲಿ ಪಾಸ್‌ವರ್ಡ್ 2022ರ ಮೇ 30ರಿಂದ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ ಹದಿನಾರು ಅಕ್ಷರದ ‘ಆ್ಯಪ್ ಪಾಸ್‌ವರ್ಡ್’ ಪಡೆದು ಪ್ರಿಂಟರಿಗೆ ತುಂಬಬೇಕು, ಪೋರ್ಟ್ 587. ಪ್ರಿಂಟರಿನ ಗಡಿಯಾರ ಸರಿಯಿದೆಯೇ ನೋಡಿಕೊಳ್ಳಿ. ತಾರೀಖು ತಪ್ಪಿದ್ದರೆ ಮೇಲ್ ಸರ್ವರಿನ ಭದ್ರತಾ ಪ್ರಮಾಣಪತ್ರ ಒಪ್ಪದೆ ಸುಮ್ಮನೆ ‘ವಿಫಲ’ ಎನ್ನುತ್ತದೆ. ನಾನು ಒಂದು ಇಡೀ ಶನಿವಾರ ಅದಕ್ಕೇ ಕಳೆದಿದ್ದೇನೆ.

ಕಡತಗಳ ನಡುವೆ:

ಪಬ್ಲಿಕ್ ಎಂದೇ ಇತ್ತು. ಬದಲಿಸಿ, ವಿಳಾಸ ತಿದ್ದಿದ ಮೇಲೆ ದೋಷದ ಮಾತು ‘ಲಾಗಿನ್ ವಿಫಲ’ ಎಂದು ಬದಲಾಯಿತು. ಅಷ್ಟಕ್ಕೇ ಖುಷಿಪಟ್ಟೆ. ನಾನು ತುಂಬಿದ್ದು ಪಿನ್ ಎಂದು ಬರೆಯಲು ನಾಚಿಕೆಯಾಗುತ್ತಿದೆ. ಹೊಸ ಖಾತೆ ಮಾಡಿದ ಮೇಲೂ ಆಗಲಿಲ್ಲ. ನಿನ್ನೆ ಸರ್ವೀಸ್‌ನವರನ್ನು ಕರೆದು ಫರ್ಮ್‌ವೇರ್ ಹಾಕಿಸಿದೆ, ಈ ಸಲ ಅವರು ಬೋರ್ಡ್‌ನ ಮಾತೆತ್ತಲಿಲ್ಲ. ಈಗ ಪ್ರಿಂಟರಿನ ಪುಟದಲ್ಲಿ ಎಸ್‌ಎಂಬಿ 3 ಎಂಬ ಆಯ್ಕೆ ಬಂದಿದೆ. ಸಂಜೆ ನಾಲ್ಕಕ್ಕೆ ಮೊದಲ ಪಿಡಿಎಫ್ ಫೋಲ್ಡರಿಗೆ ಬಂತು.

ಇನ್ನೊಂದು ಸಣ್ಣ ವಿಷಯ. ಮೇಲಿನ ಫೀಡರಿನಲ್ಲಿ ಹಾಳೆ ಹಾಕಿ ಸ್ಕ್ಯಾನ್ ಮಾಡಿದರೆ ಉದ್ದಕ್ಕೂ ಒಂದು ಕಪ್ಪು ಗೆರೆ. ಗಾಜಿನ ಮೇಲೆ ಇಟ್ಟು ಮಾಡಿದರೆ ಇಲ್ಲ.

ನೀಲಿ ಕೇಬಲ್:

ಮುಚ್ಚಳ ಎತ್ತಿ. ದೊಡ್ಡ ಗಾಜಿನ ಪಕ್ಕದಲ್ಲಿ ಬೆರಳಗಲದ ಇನ್ನೊಂದು ಗಾಜಿನ ಪಟ್ಟಿ ಇರುತ್ತದೆ. ಫೀಡರಿನ ಹಾಳೆಯನ್ನು ಓದುವುದು ಅಲ್ಲಿಂದ. ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿ.

ಕಡತಗಳ ನಡುವೆ:

ಒಣಗಿದ ವೈಟ್ನರ್ ಚುಕ್ಕೆ, ಸಾಸಿವೆ ಕಾಳಿನಷ್ಟು. ಉಗುರಿನಿಂದ ಮೆಲ್ಲಗೆ ಕೆರೆದೆ. ಹೋಯಿತು ಸರ್.