ಸಹಾಯ ಬೇಕು: ಮೊಬೈಲಿನಲ್ಲಿ ವೆಬ್‌ಸೈಟ್ ತುಂಬಾ ನಿಧಾನ

ಎಲ್ಲರಿಗೂ ನಮಸ್ಕಾರ. ನಮ್ಮ ಸಣ್ಣ ವ್ಯಾಪಾರದ ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ. ಮೊಬೈಲಿನಲ್ಲಿ ತೆರೆದರೆ ಮೊದಲು ಬರೀ ಬಿಳಿ ಪರದೆ, ಆಮೇಲೆ ಮೆನು, ಕೊನೆಗೆ ಮೇಲಿನ ದೊಡ್ಡ ಫೋಟೋ. ಗ್ರಾಹಕರು ಅಷ್ಟು ಹೊತ್ತು ಕಾಯೋದಿಲ್ಲ, ಅಲ್ವಾ?

ವೆಬ್‌ಸೈಟ್ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಎಲ್‌ಸಿಪಿ (ಪರದೆಯಲ್ಲಿನ ಅತಿ ದೊಡ್ಡ ಫೋಟೋ ಅಥವಾ ಬರಹ ಕಾಣಿಸಲು ಹಿಡಿಯುವ ಸಮಯ) 6 ಸೆಕೆಂಡ್ ದಾಟುತ್ತಿದೆ. 2.5 ಸೆಕೆಂಡ್ ಒಳಗಿರಬೇಕು. ಫೋಟೋಗಳನ್ನೆಲ್ಲ ಕಡಿಮೆ ಗಾತ್ರದ ವೆಬ್‌ಪಿ ಫಾರ್ಮ್ಯಾಟ್‌ಗೆ ಬದಲಾಯಿಸಿದ್ದೇನೆ, ಸಿದ್ಧ ಪುಟವನ್ನು ಉಳಿಸಿಟ್ಟು ಬೇಗ ಕೊಡುವ ಕ್ಯಾಶ್ ಪ್ಲಗಿನ್ ಹಾಕಿದ್ದೇನೆ. ಸ್ವಲ್ಪ ಸುಧಾರಿಸಿತು, ಆದರೆ ಸಾಲದು. ಕ್ಯಾಶ್ ಇದ್ದರೂ ಸರ್ವರ್‌ನಿಂದ ಮೊದಲ ಉತ್ತರ ಬರೋದೇ ತಡ. ಹಾಗಾಗಿ ನನಗೆ ಹೋಸ್ಟಿಂಗ್ (ಸೈಟ್ ಇಟ್ಟಿರುವ ಸರ್ವರ್ ಸೇವೆ) ಮೇಲೇ ಜಾಸ್ತಿ ಅನುಮಾನ.

ಇನ್ನೊಂದು ವಿಷಯ: ಥೀಮ್ ಆ ಮೇಲಿನ ಫೋಟೋಗೂ ಲೇಜಿ ಲೋಡಿಂಗ್ (ಫೋಟೋವನ್ನು ತಕ್ಷಣ ತರದೆ, ಅದು ಪರದೆಗೆ ಬರುವಾಗ ಮಾತ್ರ ತರೋದು) ಹಾಕುತ್ತಿದೆ, ಅದರಿಂದ ಅದು ಇನ್ನೂ ತಡವಾಗುತ್ತೆ. ಅದೊಂದಕ್ಕೆ ಮಾತ್ರ ತೆಗೆಯೋದು ಹೇಗೆ? ಸುಮ್ನೆ ಹೋಸ್ಟಿಂಗ್ ಬದಲಿಸೋ ಮುಂಚೆ ಬೇರೆ ಏನೇನು ಪರೀಕ್ಷಿಸಬೇಕು? ಗೊತ್ತಿರುವವರು ದಯವಿಟ್ಟು ತಿಳಿಸಿ.