ಬರ್ನಿ ಜಲಪಾತದ ಸ್ಟೇಟ್ ಪಾರ್ಕ್: ಹಿರಿಯರೊಂದಿಗೆ ಜುಲೈನಲ್ಲಿ ಡೇರೆಯೋ, ಕ್ಯಾಬಿನ್ನೋ? ಅನುಭವವಿದ್ದವರು ತಿಳಿಸಿ

ಸನ್ನಿವೇಲ್ ಸೊಸೆ:
ಎಲ್ಲರಿಗೂ ನಮಸ್ಕಾರ. ಉತ್ತರ ಕ್ಯಾಲಿಫೋರ್ನಿಯಾದ ಮ್ಯಾಕಾರ್ಥರ್-ಬರ್ನಿ ಫಾಲ್ಸ್ ಸ್ಟೇಟ್ ಪಾರ್ಕಿಗೆ ಜುಲೈ ತಿಂಗಳಲ್ಲಿ ಎರಡು ರಾತ್ರಿಗಳ ಮಟ್ಟಿಗೆ ಹೋಗಬೇಕೆಂದಿದ್ದೇವೆ. ಶಿವಮೊಗ್ಗದಿಂದ ಬಂದಿರುವ ಅತ್ತೆ-ಮಾವ ಜೊತೆಗಿರುತ್ತಾರೆ, ಅತ್ತೆಯವರಿಗೆ ಮಂಡಿನೋವಿದೆ. ಮಕ್ಕಳು ಡೇರೆಯೇ ಬೇಕೆಂದು ಹಠ ಹಿಡಿದಿದ್ದಾರೆ. ನಮಗೆ ಕ್ಯಾಂಪಿಂಗ್ ಹೊಸದು. ಡೇರೆ, ಪಾರ್ಕಿನೊಳಗಿನ ಕ್ಯಾಬಿನ್, ಹೊರಗಿನ ಮೋಟೆಲ್, ಈ ಮೂರರಲ್ಲಿ ಯಾವುದು ಸೂಕ್ತ? ಅತ್ತೆಯವರು ಜಲಪಾತದ ಬುಡಕ್ಕೆ ಇಳಿಯಬಲ್ಲರೆ? ಬೇಸಿಗೆಯ ನಡುವೆ ನೀರಾದರೂ ಇರುತ್ತದೆಯೆ?

ಫ್ರೀಮಾಂಟ್ ನಿವಾಸಿ:
ಡೇರೆಯೇ ಸರಿ, ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ನಾವು ಮೊದಲು ಹೋದಾಗ ಆರು ಜನರ ಡೇರೆಯನ್ನು ಒಂದು ಅಂಗಡಿಯಿಂದ ಬಾಡಿಗೆಗೆ ತಂದಿದ್ದೆವು. ಚೀಲ ಬಿಚ್ಚಿದಾಗ ಒಂದು ಕೋಲು ಅರ್ಧಕ್ಕೇ ತುಂಡಾಗಿತ್ತು, ಗೂಟಗಳಲ್ಲಿ ಮೂರು ಇರಲೇ ಇಲ್ಲ. ಕತ್ತಲಾಗುತ್ತಿದ್ದುದರಿಂದ ಪಕ್ಕದ ಡೇರೆ ತಾಣದ ಒಬ್ಬ ಹಿರಿಯರು ತಮ್ಮ ಟೇಪು ಮತ್ತು ಎರಡು ಗೂಟಗಳನ್ನು ಕೊಟ್ಟು ನಮ್ಮ ಮಾನ ಉಳಿಸಿದರು. ಹಿಂದಿರುಗಿ ಬಂದ ಮೇಲೆ ಆ ಅಂಗಡಿಯವರು ಮುರಿದ ಕೋಲಿಗೆ ನಮ್ಮಿಂದಲೇ 28 ಡಾಲರ್ ಕಸಿದುಕೊಂಡರು. ಅಂದೇ ತೀರ್ಮಾನಿಸಿ ಸ್ವಂತ ಡೇರೆಯನ್ನು 229 ಡಾಲರಿಗೆ ಕೊಂಡೆ. ಮಲಗುವ ಚೀಲಗಳಿಗೆ ತಲಾ 45, ಎರಡು ಒಲೆಗಳ ಗ್ಯಾಸ್ ಸ್ಟವ್‌ಗೆ 64, ಐಸ್ ಪೆಟ್ಟಿಗೆಗೆ 52, ಗಾಳಿ ತುಂಬುವ ಹಾಸಿಗೆಗೆ 70 ಡಾಲರ್ ಆಯಿತು. ಆ ಹಾಸಿಗೆ ಬೆಳಗಿನ ಜಾವ ನಾಲ್ಕು ಗಂಟೆಗೆ ಗಾಳಿಯನ್ನೆಲ್ಲ ಬಿಟ್ಟು ನನ್ನ ಬೆನ್ನನ್ನು ನೆಲಕ್ಕೆ ಒಪ್ಪಿಸಿತು. ತಾಣದ ಬಾಡಿಗೆ ಆಗ ರಾತ್ರಿಗೆ 35 ಡಾಲರ್ ಇತ್ತು. ಎರಡನೆಯ ಕಾರಿಗೆ ಪ್ರತ್ಯೇಕ ಶುಲ್ಕ. ನಮ್ಮ ವ್ಯಾನು ಹೋಗಿಬರಲು ಹತ್ತಿರಹತ್ತಿರ 22 ಗ್ಯಾಲನ್ ಪೆಟ್ರೋಲ್ ಕುಡಿಯಿತು. ಇಷ್ಟೆಲ್ಲ ಖರ್ಚಾದರೂ ಈಗ ಸಾಮಾನೆಲ್ಲ ಗ್ಯಾರೇಜಿನಲ್ಲಿದೆ. ಮೋಟೆಲಿಗೆ ಸುರಿದ ಹಣವಾಗಿದ್ದರೆ ಎಲ್ಲಿರುತ್ತಿತ್ತು?

ಕಾಯ್ದಿರಿಸುವಿಕೆ ಆರು ತಿಂಗಳು ಮೊದಲೇ ಬೆಳಿಗ್ಗೆ ಎಂಟು ಗಂಟೆಗೆ ತೆರೆಯುತ್ತದೆ. ಜುಲೈನ ವಾರಾಂತ್ಯದ ತಾಣಗಳು ಹಲ್ಲುಜ್ಜಿ ಬರುವಷ್ಟರಲ್ಲಿ ಮುಗಿದಿರುತ್ತವೆ. ಒಂದು ತಾಣಕ್ಕೆ ಗರಿಷ್ಠ ಎಂಟು ಜನ.

ತಾಳಗುಪ್ಪದವನು:
ಶಿವಮೊಗ್ಗದ ಹಿರಿಯರನ್ನು ಸುಮಾರು ಐದು ಗಂಟೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ 129 ಅಡಿಯ ಜಲಪಾತವನ್ನು ತೋರಿಸುವುದರಲ್ಲಿ ಅರ್ಥವಿದೆಯೆ ಎಂಬುದನ್ನು ದಯವಿಟ್ಟು ಯೋಚಿಸಿ. ನಮ್ಮ ಜೋಗ 830 ಅಡಿ. ನನ್ನ ತಂದೆಯವರನ್ನು ಇಲ್ಲಿಗೆ ಕರೆದೊಯ್ದಾಗ ಅವರು ನೋಡುವ ಕಟ್ಟೆಯ ಬಳಿ ಎರಡು ನಿಮಿಷ ನಿಂತು, “ಇದು ರೋರರ್‌ನ ಮೊಮ್ಮಗ ಇರಬಹುದು” ಎಂದು ಹೇಳಿ ಕಾರಿಗೆ ಮರಳಿದರು. ಅಂದು ರೆಡ್ಡಿಂಗ್‌ನಲ್ಲಿ ಉಷ್ಣತೆ 108 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಕಾರಿನ ಏಸಿ ಕೈಕೊಟ್ಟದ್ದರಿಂದ ಅದರ ದುರಸ್ತಿಗೆ 640 ಡಾಲರ್ ತೆತ್ತೆ. ಅಷ್ಟಕ್ಕೂ ಬೇಸಿಗೆಯಲ್ಲಿ ಯಾವ ಜಲಪಾತದಲ್ಲಿ ತಾನೆ ನೀರಿರುತ್ತದೆ? ಹಿಮ ಕರಗುವ ಏಪ್ರಿಲ್-ಮೇ ತಿಂಗಳಲ್ಲಿ ಹೋಗಬೇಕು, ಇಲ್ಲವೇ ಹೋಗಲೇಬಾರದು.

ಫೋಲ್ಸಮ್ ಚಾರಣಿಗ:
ತಾಳಗುಪ್ಪದವರು ಎರಡು ನಿಮಿಷ ನಿಂತು ನೋಡಿದ್ದರ ಫಲ ಅವರ ಬರಹದಲ್ಲಿಯೇ ಕಾಣುತ್ತಿದೆ. ಬರ್ನಿಯ ನೀರು ಮಳೆ ಮತ್ತು ಹಿಮವನ್ನು ನೇರವಾಗಿ ನಂಬಿಕೊಂಡದ್ದಲ್ಲ. ಅಲ್ಲಿನ ನೆಲ ಜ್ವಾಲಾಮುಖಿಯ ಬಸಾಲ್ಟ್ ಶಿಲೆ. ಮಳೆಯೂ ಕರಗಿದ ಹಿಮವೂ ಅದರ ಬಿರುಕು ಮತ್ತು ರಂಧ್ರಗಳ ಮೂಲಕ ಇಳಿದು, ನೆಲದಡಿಯಲ್ಲಿ ಸಂಗ್ರಹವಾಗಿ, ಜಲಪಾತದ ಸ್ವಲ್ಪ ಮೇಲ್ಭಾಗದಲ್ಲಿ ಚಿಲುಮೆಗಳಾಗಿ ಉಕ್ಕುತ್ತವೆ. ಬೇಸಿಗೆಯ ಕೊನೆಯಲ್ಲಿ ಮೇಲಿನ ಹಳ್ಳದ ಪಾತ್ರ ಒಣಗಿದ್ದರೂ ಕೆಳಗೆ ಜಲಪಾತ ಮಾತ್ರ ಧುಮ್ಮಿಕ್ಕುತ್ತಲೇ ಇರುತ್ತದೆ. ದಿನಕ್ಕೆ ಸುಮಾರು 10 ಕೋಟಿ ಗ್ಯಾಲನ್, ಅಂದರೆ ಹತ್ತಿರಹತ್ತಿರ 38 ಕೋಟಿ ಲೀಟರ್ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೀಳುತ್ತದೆ. ಮೇಲಿನಿಂದ ಬೀಳುವ ಎರಡು ಧಾರೆಗಳಲ್ಲದೆ, ಬಂಡೆಯ ಗೋಡೆಯ ನಡುಮಧ್ಯದಿಂದಲೇ ಪಾಚಿಯನ್ನು ಸೀಳಿಕೊಂಡು ನೂರಾರು ಎಳೆಗಳಲ್ಲಿ ನೀರು ಹೊರಬೀಳುವುದನ್ನು ನೋಡಲು ಬುಡಕ್ಕೇ ಇಳಿಯಬೇಕು. ಆ ಗೋಡೆಯ ಸಂದುಗಳಲ್ಲಿ ಕಪ್ಪು ಬಾನಾಡಿ (ಬ್ಲ್ಯಾಕ್ ಸ್ವಿಫ್ಟ್) ಹಕ್ಕಿಗಳು ಗೂಡು ಕಟ್ಟುತ್ತವೆ. ಸಂಜೆಯ ಹೊತ್ತು ಅವು ಹನಿಗಳ ತೆರೆಯೊಳಗೆ ನುಗ್ಗುವುದನ್ನು ನೋಡುತ್ತ ನಾನು ಕೊರಳು ನೋಯುವವರೆಗೆ ನಿಂತಿದ್ದೇನೆ.

ಅಂದಹಾಗೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಂದಿನಿಂದ ಜುಲೈ ತಪ್ಪಿಸಿ ಫೆಬ್ರವರಿಯಲ್ಲಿ ಜೋಗಕ್ಕೆ ಹೋದವರು ಏನನ್ನು ನೋಡಿ ಬರುತ್ತಾರೆ ಎಂಬುದನ್ನೂ ತಾಳಗುಪ್ಪದವರೇ ಹೇಳಲಿ.

ತಾಳಗುಪ್ಪದವನು:
ಫೆಬ್ರವರಿಯಲ್ಲಿ ಜೋಗಕ್ಕೆ ಹೋಗುವವರು ಬಂಡೆಯನ್ನು ನೋಡಿ ಬರುತ್ತಾರೆ. ಆ ಬಂಡೆಯೇ ನಿಮ್ಮ ಬರ್ನಿಯ ಆರು ಪಟ್ಟು ಎತ್ತರವಿದೆ. ಊರಿನ ಜಲಪಾತವನ್ನು ಕೀಳಾಗಿ ಕಂಡು ಪರದೇಶದ ತೊರೆಯನ್ನು ಹೊಗಳುವುದೇ ಕೆಲವರಿಗೆ ವಿದ್ವತ್ತೆನಿಸಿದೆ.

ಡಬ್ಲಿನ್ ತಾಯಿ:
ಜೋಗದ ಜಗಳವನ್ನು ಬದಿಗಿಡಿ. ಸನ್ನಿವೇಲ್‌ನವರೆ, ಡೇರೆಯ ಸಹವಾಸವೇ ಬೇಡ, ಕ್ಯಾಬಿನ್ ತೆಗೆದುಕೊಳ್ಳಿ. ಆ ಎತ್ತರದಲ್ಲಿ ಹಗಲು ಎಷ್ಟೇ ಸೆಕೆಯಿದ್ದರೂ ರಾತ್ರಿ ಸ್ವೆಟರ್ ಹಾಕಿಕೊಳ್ಳುವಷ್ಟು ತಂಪಾಗುತ್ತದೆ. ಕ್ಯಾಬಿನ್ನಿನಲ್ಲಿ ಮಲಗುವ ಹಲಗೆಯೂ ಹೀಟರೂ ಇರುತ್ತವೆ; ಅಡುಗೆಮನೆಯಾಗಲಿ ಶೌಚಾಲಯವಾಗಲಿ ಒಳಗಿಲ್ಲ, ಹಾಸಿಗೆ-ಹೊದಿಕೆಗಳನ್ನು ನಾವೇ ಒಯ್ಯಬೇಕು. ನಾನು ಅಲ್ಲಿಗೆ ಹತ್ತಿಯ ರಜಾಯಿಗಳನ್ನೂ ನಾಲ್ಕು ದಿಂಬುಗಳನ್ನೂ ಮಾವನವರ ಸಲುವಾಗಿ ಒಂದು ಮಡಚುವ ಕುರ್ಚಿಯನ್ನೂ ಒಯ್ದಿದ್ದೆ. ರಾತ್ರಿ ಶೌಚಾಲಯಕ್ಕೆ ನಡೆಯುವಾಗ ಕೈಯಲ್ಲಿ ಬ್ಯಾಟರಿ ಇರಲೇಬೇಕು.

ನನ್ನ ಸಂಕಟ ಬೇರೆಯದು. 2024ರ ಬೇಸಿಗೆಗೆಂದು ಜನವರಿಯಲ್ಲಿಯೇ ಕಾದು ಕುಳಿತು ಕ್ಯಾಬಿನ್ ಗಿಟ್ಟಿಸಿದ್ದೆವು. ಬಳಿಕ, ಜನಸಂದಣಿಯಿಂದ ಸವೆದಿದ್ದ ದಾರಿಯ ದುರಸ್ತಿಗಾಗಿ ಜಲಪಾತದ ಬುಡಕ್ಕೆ ಇಳಿಯುವ ದಾರಿಯನ್ನು ಆ ವರ್ಷ ಮುಚ್ಚಿದರು. ಮೇಲಿನ ಕಟ್ಟೆಯಿಂದಷ್ಟೇ ನೋಡಿದೆವು. ರದ್ದು ಮಾಡೋಣವೆಂದರೆ ನಮ್ಮ ಮನೆಯವರು, “ಹಣ ಕಡಿತವಾಗುತ್ತದೆ, ಹೋಗಿಯೇ ಬರೋಣ” ಎಂದರು. ಹೋದ ಎರಡನೆಯ ದಿನ ಎಲ್ಲಿಯದೋ ಕಾಡ್ಗಿಚ್ಚಿನ ಹೊಗೆ ಬಂದು ಮಗಳಿಗೆ ಉಬ್ಬಸ ಹೆಚ್ಚಾಗಿ, ಒಂದು ರಾತ್ರಿಯ ಬಾಡಿಗೆಯನ್ನು ಬಿಟ್ಟು ಹೊರಟೆವು. ಇನ್‌ಹೇಲರ್‌ಗೆ 58, ದಾರಿಯಲ್ಲಿ ತಂಗಿದ ಮೋಟೆಲಿಗೆ 164, ಅಲ್ಲಿ ತಿಂದ ಸಪ್ಪೆ ಊಟಕ್ಕೆ 71 ಡಾಲರ್. ಅವತ್ತಿನ ಲೆಕ್ಕದ ಚೀಟಿ ಇಂದಿಗೂ ನನ್ನ ಬಳಿ ಇದೆ; ಮನೆಯವರು ಮಿತವ್ಯಯದ ಮಾತೆತ್ತಿದಾಗಲೆಲ್ಲ ಅದನ್ನು ತೋರಿಸುತ್ತೇನೆ. ಆದರೂ ಕ್ಯಾಬಿನ್ನೇ ಸರಿ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಫ್ರೀಮಾಂಟ್ ನಿವಾಸಿ:
ಹೀಟರ್ ಹಾಕಿಕೊಂಡು ಹಲಗೆಯ ಮೇಲೆ ಮಲಗುವುದಾದರೆ ಮನೆಯಲ್ಲಿಯೇ ಇರಬಹುದಲ್ಲ! ನಾವು ಪೈನ್ ಮರಗಳ ಕೆಳಗೆ ಬಿದ್ದಿದ್ದ ಒಣ ಟೊಂಗೆಗಳನ್ನು ಆಯ್ದು ತಂದು ಬೆಂಕಿ ಹಾಕಿ, ಅದರ ಮೇಲೆಯೇ ಬದನೆಕಾಯಿ ಸುಟ್ಟು ಗೊಜ್ಜು ಮಾಡಿದೆವು. ಮಕ್ಕಳು ಅದನ್ನು ಇನ್ನೂ ಮರೆತಿಲ್ಲ. ಸೌದೆಗೆ ಒಂದು ಕಾಸೂ ಖರ್ಚಾಗಲಿಲ್ಲ.

ಫೋಲ್ಸಮ್ ಚಾರಣಿಗ:
ಸ್ಟೇಟ್ ಪಾರ್ಕಿನಲ್ಲಿ ಬಿದ್ದ ಟೊಂಗೆಯನ್ನು ಆಯುವುದೂ ನಿಷಿದ್ಧ. ಹೊಸಬರು ಓದುವಲ್ಲಿ ಇದನ್ನು ಸಾಹಸವೆಂಬಂತೆ ಬರೆಯುವುದು ಸರಿಯಲ್ಲ. ಕೊಳೆತ ಟೊಂಗೆಯೇ ಆ ಕಾಡಿನ ಗೊಬ್ಬರ. ಮನೆಯಿಂದಲೂ ಸೌದೆ ಒಯ್ಯಬಾರದು, ಅದರೊಂದಿಗೆ ಮರಕೊರಕ ಹುಳುಗಳು ಹೊಸ ಕಾಡಿಗೆ ಹೋಗುತ್ತವೆ. ಅಲ್ಲಿಯೇ ಸಮೀಪದಲ್ಲಿ ಮಾರುವುದನ್ನು ಕೊಳ್ಳಬೇಕು. ಕಾಡ್ಗಿಚ್ಚಿನ ಅಪಾಯ ಹೆಚ್ಚಿರುವ ದಿನಗಳಲ್ಲಿ ಕೊಂಡ ಸೌದೆಯನ್ನು ಉರಿಸುವುದಕ್ಕೂ ತಡೆ ಬೀಳುತ್ತದೆ. ಜುಲೈ ಅಂಥದೇ ಕಾಲ, ಆದ್ದರಿಂದ ಗ್ಯಾಸ್ ಒಲೆಯನ್ನೇ ನಂಬಿರಿ.

ಗೊಜ್ಜಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಅದು ಕಪ್ಪು ಕರಡಿಗಳಿರುವ ಕಾಡು. ಪ್ರತಿ ತಾಣದಲ್ಲಿಯೂ ಕಬ್ಬಿಣದ ಪೆಟ್ಟಿಗೆಯೊಂದಿದೆ. ತಿಂಡಿ, ಐಸ್ ಪೆಟ್ಟಿಗೆ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಹೀಗೆ ವಾಸನೆಯುಳ್ಳ ಎಲ್ಲವೂ ರಾತ್ರಿ ಅದರೊಳಗೆ ಇರಬೇಕು. ನಮ್ಮವರು ಪುಳಿಯೋಗರೆಯ ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ನಿಶ್ಚಿಂತೆಯಿಂದ ಮಲಗುವುದನ್ನು ಕಣ್ಣಾರೆ ಕಂಡು, ಅರ್ಧರಾತ್ರಿಯಲ್ಲಿ ಎಬ್ಬಿಸಿ ಬೈಸಿಕೊಂಡಿದ್ದೇನೆ.

ಫ್ರೀಮಾಂಟ್ ನಿವಾಸಿ:
ಯಾರೂ ಉಪನ್ಯಾಸ ಕೇಳಿರಲಿಲ್ಲ. ನಾಲ್ಕು ಟೊಂಗೆಯಿಂದ ಕಾಡು ಬರಿದಾಗುವುದಿಲ್ಲ. ಅರ್ಧರಾತ್ರಿ ಅಪರಿಚಿತರ ಡೇರೆ ತಟ್ಟುವವರು ಕರಡಿಗಿಂತ ಹೆಚ್ಚು ತೊಂದರೆ ಕೊಡುತ್ತಾರೆ.

ಸ್ಯಾನ್ ರಾಮೋನ್ ನಿವೃತ್ತ:
ನಾನೂ ಮಗನ ಮನೆಗೆ ಬಂದಿರುವ ಹಿರಿಯನೇ, ನನಗೂ ಮಂಡಿಯ ಚಿಪ್ಪು ಸವೆದಿದೆ. ಆದ್ದರಿಂದ ಪ್ರಶ್ನೆಯಲ್ಲಿದ್ದು ಯಾರೂ ಉತ್ತರಿಸದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ವಾಹನ ನಿಲ್ಲಿಸುವ ಜಾಗದಿಂದ ಕೆಲವೇ ಹೆಜ್ಜೆಗಳಲ್ಲಿ ಕಟ್ಟೆ ಸಿಗುತ್ತದೆ. ಗಾಲಿಕುರ್ಚಿಯಲ್ಲಿಯೂ ಅಲ್ಲಿಗೆ ಹೋಗಬಹುದು, ಪೂರ್ಣ ಜಲಪಾತ ಎದುರಿಗೇ ಕಾಣುತ್ತದೆ. ಬುಡಕ್ಕೆ ಇಳಿಯುವುದು ತಿರುವುಗಳ ಕಡಿದಾದ ದಾರಿ. ಅಲ್ಲಿಂದ ತೊರೆಯ ಗುಂಟ ಸಾಗಿ, ಸೇತುವೆ ದಾಟಿ, ಆಚೆ ದಡದಿಂದ ಹತ್ತಿ ಬರುವ ಸುತ್ತು ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು. ಇಳಿಯುವಾಗ ನನ್ನ ಮಂಡಿ ಅಳತೊಡಗಿತು. ಸೊಸೆ ಎರಡು ಊರುಗೋಲುಗಳನ್ನು ಕೊಟ್ಟು, ಪ್ರತಿ ತಿರುವಿನಲ್ಲಿಯೂ ಕೂರಿಸಿ, ಅಂತೂ ಕೆಳಗಿಳಿಸಿದಳು. ಬುಡದಲ್ಲಿ ತುಂತುರು ಎಷ್ಟು ತಣ್ಣಗಿತ್ತೆಂದರೆ ಕನ್ನಡಕ ಒರೆಸುವುದೇ ಕೆಲಸವಾಯಿತು. ಆ ನೀರು ಬೇಸಿಗೆಯಲ್ಲಿಯೂ 42ರಿಂದ 48 ಡಿಗ್ರಿ ಫ್ಯಾರನ್‌ಹೀಟ್. ಮಕ್ಕಳನ್ನು ಅಲ್ಲಿ ನೀರಿಗಿಳಿಸದೆ, ಪಾರ್ಕಿನೊಳಗೇ ಇರುವ ಬ್ರಿಟನ್ ಸರೋವರದ ದಂಡೆಗೆ ಕರೆದೊಯ್ಯುವುದು ಒಳ್ಳೆಯದು. ಇಳಿದವರು ಹತ್ತಲೇಬೇಕೆಂಬುದನ್ನು ನಿಮ್ಮ ಅತ್ತೆಯವರಿಗೆ ಮೊದಲೇ ತಿಳಿಸಿ.

ತಾಳಗುಪ್ಪದವರ ತಂದೆಯವರ ಮಾತಿಗೆ ನನ್ನ ಸಹಮತವಿಲ್ಲ. ಜೋಗವನ್ನು ಬಾಲ್ಯದಿಂದ ನೋಡಿದವನಾದರೂ ಇಲ್ಲಿ ಒಂದು ಗಂಟೆ ಕುಳಿತೆ. 1920ರ ಸುಮಾರಿನಲ್ಲಿ ಮ್ಯಾಕಾರ್ಥರ್ ಮನೆತನದವರು, ಜಲವಿದ್ಯುತ್ ಯೋಜನೆಯ ಕಣ್ಣು ಬೀಳದಿರಲೆಂದು, ಈ ಜಲಪಾತದ ಸುತ್ತಲಿನ ಜಮೀನನ್ನು ರಾಜ್ಯಕ್ಕೆ ದಾನವಾಗಿ ಕೊಟ್ಟರಂತೆ. ಇದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾದದ್ದು ನಿಜ.

ತಾಳಗುಪ್ಪದವನು:
ಹಿರಿಯರೆ, ತಮ್ಮ ಮೇಲಿನ ಗೌರವದಿಂದ ಇಷ್ಟೇ ಹೇಳುತ್ತೇನೆ: ಜೋಗದ ನೀರಿನಿಂದ ಬೆಳಗಿದ ದೀಪದಡಿಯಲ್ಲಿಯೇ ನಾವೆಲ್ಲ ಓದಿ ಇಲ್ಲಿಯವರೆಗೆ ಬಂದಿದ್ದೇವೆ.

ಡಬ್ಲಿನ್ ತಾಯಿ:
ಮತ್ತೆ ಜೋಗ! ವಾಹನ ನಿಲ್ಲಿಸುವ ವಿಷಯವನ್ನು ಯಾರೂ ಹೇಳಲೇ ಇಲ್ಲವಲ್ಲ. ಸನ್ನಿವೇಲ್‌ನವರೆ, ನೀವು ಮೋಟೆಲಿನಲ್ಲಿ ಉಳಿದು ಹಗಲಿಗಷ್ಟೇ ಹೋಗುವುದಾದರೆ ವಾರಾಂತ್ಯ ಬೇಡ. ಬೇಸಿಗೆಯ ಶನಿವಾರಗಳಲ್ಲಿ ಜಾಗ ತುಂಬಿದೊಡನೆ ಗೇಟಿನಲ್ಲಿಯೇ ವಾಹನಗಳನ್ನು ಹಿಂದಕ್ಕೆ ಕಳಿಸುತ್ತಾರೆ. 89ನೆಯ ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿ ನಡೆದು ಬರುವಂತೆಯೂ ಇಲ್ಲ. ನನ್ನ ತಂಗಿಯ ಕುಟುಂಬ ಹತ್ತೂವರೆಗೆ ತಲುಪಿ, ಎರಡು ಗಂಟೆ ಅತ್ತಿಂದಿತ್ತ ಸುತ್ತಿ, ಕೊನೆಗೆ ಜಲಪಾತ ನೋಡದೆ ದಕ್ಷಿಣಕ್ಕೆ ಹೋಗಿ ಸಬ್‌ವೇ ಗುಹೆಯೊಂದನ್ನೇ ನೋಡಿ ಬಂದಿತು. ಲಾವಾ ಹರಿದು ಉಂಟಾದ ಆ ಸುರಂಗ ಚೆನ್ನಾಗಿದೆ, ಸಾಮಾನ್ಯ ನಡಿಗೆಯಲ್ಲಿ ದಾಟಬಹುದು. ಆದರೆ ಒಳಗೆ ಗಾಢ ಕತ್ತಲೆ, ನೆಲವೂ ಒರಟು, ಮಂಡಿನೋವಿನವರಿಗೆ ಆಗದು. ಪಾರ್ಕಿನೊಳಗೆ ತಂಗಿದವರಿಗೆ ಗೇಟಿನ ಈ ಗೋಳಿಲ್ಲ. ಕ್ಯಾಬಿನ್ ಎಂದು ನಾನು ಹೇಳುವುದು ಅದಕ್ಕೇ.

ಫ್ರೀಮಾಂಟ್ ನಿವಾಸಿ:
ಡೇರೆಯವರೂ ಪಾರ್ಕಿನೊಳಗೇ ತಂಗುತ್ತಾರೆ. ಈ ಅನುಕೂಲವನ್ನು ಕ್ಯಾಬಿನ್ನಿನ ಲೆಕ್ಕಕ್ಕೆ ಮಾತ್ರ ಬರೆದುಕೊಳ್ಳುವುದು ನ್ಯಾಯವಲ್ಲ.

ಸನ್ನಿವೇಲ್ ಸೊಸೆ:
ಎಲ್ಲರಿಗೂ ಧನ್ಯವಾದಗಳು. ಮಾವನವರು ಇದನ್ನೆಲ್ಲ ಓದಿ ಡೇರೆ ಆಗಲಿ ಎನ್ನುತ್ತಿದ್ದಾರೆ, ಅತ್ತೆಯವರು ಕ್ಯಾಬಿನ್ ಎನ್ನುತ್ತಿದ್ದಾರೆ, ಜುಲೈನಲ್ಲಿ ಎರಡೂ ಖಾಲಿ ಇಲ್ಲ. ಯಾರಾದರೂ ರದ್ದು ಮಾಡಿದರೆ ಸಿಗಬಹುದೆಂದು ದಿನವೂ ಬೆಳಿಗ್ಗೆ ನೋಡುತ್ತಿದ್ದೇನೆ. ವಾರದ ನಡುವಿನ ದಿನಗಳಾದರೂ ಅಡ್ಡಿಯಿಲ್ಲ. ಹಾಗೆ ರದ್ದಾದ ಜಾಗ ಸಿಕ್ಕಿದವರು ಇದ್ದರೆ, ಸಾಮಾನ್ಯವಾಗಿ ಎಷ್ಟು ದಿನ ಮೊದಲು ತೆರವಾಗುತ್ತದೆ ಎಂಬುದನ್ನು ತಿಳಿಸುವಿರಾ?

ಫ್ರೀಮಾಂಟ್ ನಿವಾಸಿ:
ನಮಗೆ ಹೊರಡುವ ವಾರದಲ್ಲಿ ಸಿಕ್ಕಿತ್ತು, ಅದೂ ಶೌಚಾಲಯದ ಪಕ್ಕದ ತಾಣ. ರಾತ್ರಿಯಿಡೀ ಬಾಗಿಲಿನ ಸದ್ದು. ಆದರೂ ಡೇರೆಯೇ ಸರಿ.